ಮಲಗಿದ್ದ ಕಂಪ್ಯೂಟರಿನೊಳಗಿನ ತೆನೆ

ನನ್ನ ಗಂಡ ಬ್ಯಾಪ್ಟಿಸ್ಟ್ ಕುವೈತಿನ ಕಂಪನಿಯೊಂದರ ಸುರಕ್ಷತಾ ವಿಭಾಗದಲ್ಲಿ ಅರ್ಧ ಆಯುಷ್ಯ ಕಳೆದವರು. ಅಲ್ಲಿ ಗೋಡೆಯ ಮೇಲೆ ಏನು ಬರೆದಿದೆಯೋ ಅದನ್ನು ಮಾಡಬೇಕು, ಯಾಕೆಂದು ಕೇಳಬಾರದು. ಊರಿಗೆ ಮರಳಿ ಕಾಪುವಿನಲ್ಲಿ ಮನೆ ಕಟ್ಟಿದ ಮೇಲೂ ಆ ಚಾಳಿ ಬಿಡಲಿಲ್ಲ. ಬ್ಯಾಂಕಿನಲ್ಲಿ ‘ಸಾಲಿನಲ್ಲಿ ನಿಲ್ಲಿ’ ಎಂದು ಬರೆದಿದ್ದರೆ, ಮುಂದೆ ಒಂದು ನರಪಿಳ್ಳೆ ಇಲ್ಲದಿದ್ದರೂ ಹಳದಿ ಗೆರೆಯ ಹಿಂದೆ ನಿಲ್ಲುತ್ತಾರೆ. ಇಂಥವರ ಕೈಗೆ ನನ್ನ ಕಂಪ್ಯೂಟರ್ ಸಿಕ್ಕಿದರೆ ಏನಾದೀತು ಎಂದು ನನಗೆ ಮೊದಲೇ ಹೊಳೆಯಬೇಕಿತ್ತು.

ನನ್ನದು ಎಂಬ್ರಾಯ್ಡರಿ ಕೆಲಸ. ಮದುವೆ ಸೀರೆ, ಇಗರ್ಜಿಯ ಪತಾಕೆ, ಪಾದ್ರಿಗಳು ಪೂಜೆಗೆ ತೊಡುವ ನಿಲುವಂಗಿ, ಎಲ್ಲವನ್ನೂ ಮನೆಯ ಮುಂದಿನ ಕೋಣೆಯಲ್ಲೇ ಮಾಡುತ್ತೇನೆ. ಮಷೀನು ತಾನೇ ಹೊಲಿಯುತ್ತದೆ, ಆದರೆ ಏನನ್ನು ಹೊಲಿಯಬೇಕೆಂದು ನಾನು ಕಂಪ್ಯೂಟರಿನಲ್ಲಿ ಬರೆದು ಪೆನ್‌ಡ್ರೈವಿನಲ್ಲಿ ಕೊಡಬೇಕು. ಬರೆಯುವ ಸಾಫ್ಟ್‌ವೇರ್ ಎಷ್ಟು ಹಳೆಯದೆಂದರೆ ಹೊಸ ಕಂಪ್ಯೂಟರಿನಲ್ಲಿ ಅದು ಓಡುವುದೇ ಇಲ್ಲ. ಹೊಸದನ್ನು ಕೊಂಡು ಮತ್ತೆ ಒಂದನೇ ಕ್ಲಾಸಿನಿಂದ ಕಲಿಯುವ ತಾಳ್ಮೆ ನನಗಿಲ್ಲ. ಅದಕ್ಕೆ ಪೇಟೆಯ ಕಂಪ್ಯೂಟರ್ ಅಂಗಡಿಯ ಶಿಹಾಬ್ ಒಂದು ಉಪಾಯ ಮಾಡಿಕೊಟ್ಟಿದ್ದ. ಹೊಸ ಕಂಪ್ಯೂಟರಿಗೆ ವರ್ಚುವಲ್ ಮಷೀನ್ ಎಂಬುದನ್ನು ಹಾಕಿ, ಅದರ ಹೊಟ್ಟೆಯೊಳಗೆ ನನ್ನ ಹಳೆಯ ಕಂಪ್ಯೂಟರನ್ನು ಇದ್ದ ಹಾಗೇ ಕೂರಿಸಿದ್ದ. ಪರದೆಯ ಮೇಲೆ ಒಂದು ಕಿಟಕಿ ತೆರೆದರೆ ಸಾಕು, ಒಳಗೆ ನನ್ನ ಹಳೆಯ ಲೋಕ.

ಇನ್ನೂ ಒಂದು ಅನುಕೂಲವಿತ್ತು. ಕೆಲಸ ಮುಗಿದ ಮೇಲೆ ಒಳಗಿನ ಕಂಪ್ಯೂಟರನ್ನು ಆಫ್ ಮಾಡಬೇಕೆಂದಿಲ್ಲ, ಮಲಗಿಸಿದರೆ ಸಾಕು. ಮರುದಿನ ಎಬ್ಬಿಸಿದರೆ ಬಿಟ್ಟಲ್ಲಿಂದಲೇ ಶುರು. ಹೊಲಿಗೆಯನ್ನು ಸೂಜಿಯ ಕೆಳಗೇ ಬಿಟ್ಟು, ಮೇಲೊಂದು ಬಟ್ಟೆ ಮುಚ್ಚಿ ಊಟಕ್ಕೆ ಏಳುವವಳು ನಾನು. ನನಗೆ ಇದು ಹೇಳಿ ಮಾಡಿಸಿದ ಹಾಗಿತ್ತು.

ಈ ಮೇ ತಿಂಗಳಲ್ಲಿ ಬೆಳ್ಮಣ್ಣಿನ ರೇಚಲ್ ಬಾಯಿಯ ಮಗ ಆಲ್ವಿನ್‌ಗೆ ಗುರುದೀಕ್ಷೆಯಾಗಿ ಅವನು ಪಾದ್ರಿಯಾದ. ಅವನ ಮೊದಲ ಪೂಜೆಯ ನಿಲುವಂಗಿ ನನ್ನ ಪಾಲಿಗೆ ಬಂದಿತ್ತು. ಎದುರಿಗೆ ಶಿಲುಬೆ ಎಂದು ತೀರ್ಮಾನವಾಗಿತ್ತು. ಬೆನ್ನಿಗೆ ಎಂತ ಬೇಕು ಎಂದು ಫೋನಿನಲ್ಲಿ ಕೇಳಿದ್ದಕ್ಕೆ ರೇಚಲ್ ಬಾಯಿ ಬಸ್ಸು ಹತ್ತಿ ತಾವೇ ಬಂದರು. ಕೈಯಲ್ಲೊಂದು ಬಿಸ್ಕತ್ತಿನ ಡಬ್ಬಿ. ಡಬ್ಬಿಯೊಳಗೆ ಹತ್ತಿಯ ಮೇಲೆ ಒಣಗಿದ ಒಂದು ಭತ್ತದ ತೆನೆ.

ನಮ್ಮಲ್ಲಿ ಮೊಂತಿ ಹಬ್ಬದ ದಿನ, ಅಂದರೆ ಮರಿಯಮ್ಮನ ಹುಟ್ಟುಹಬ್ಬದಂದು, ಹೊಸ ತೆನೆಗಳನ್ನು ಇಗರ್ಜಿಯಲ್ಲಿ ಆಶೀರ್ವದಿಸಿ ಮನೆಮನೆಗೆ ಹಂಚುತ್ತಾರೆ. ಕಾಳನ್ನು ಪಾಯಸಕ್ಕೆ ಹಾಕಿ ಮನೆಮಂದಿಯೆಲ್ಲ ತಿನ್ನುತ್ತೇವೆ, ಒಂದು ತೆನೆಯನ್ನು ಮನೆಯ ಅಲ್ತಾರಿನ, ದೇವರ ಪೀಠದ, ಬಳಿ ಸಿಕ್ಕಿಸಿಡುತ್ತೇವೆ. ಕಳೆದ ಹಬ್ಬಕ್ಕೆ ಅವರ ಇಗರ್ಜಿಗೆ ತೆನೆ ಕೊಯ್ದು ಕೊಟ್ಟವರು ರೇಚಲ್ ಬಾಯಿಯ ಗಂಡ ಇಮ್ಯಾನುಯೆಲ್. ಕ್ರಿಸ್‌ಮಸ್ ಬರುವುದರೊಳಗೆ ಅವರು ತೀರಿಕೊಂಡರು.

“ಅವರು ಕೈಯಾರೆ ಕೊಯ್ದದ್ದರಲ್ಲಿ ಉಳಿದದ್ದು ಇದೊಂದೇ,” ಎಂದರು ರೇಚಲ್ ಬಾಯಿ. “ಇದು ಹೇಗೆ ಉಂಟೋ ಹಾಗೇ ಮಗನ ಬೆನ್ನ ಮೇಲೆ ಬರಬೇಕು ಆನ್ಸಿಲ್ಲಾ. ನನಗೆ ಕಣ್ಣು ಕಾಣುವುದಿಲ್ಲ, ಅದು ಬೇರೆ ಮಾತು. ಕೈ ಉಂಟಲ್ಲ.”

ಸಕ್ಕರೆ ಕಾಯಿಲೆ ಅವರ ಕಣ್ಣುಗಳನ್ನು ಹೆಚ್ಚುಕಡಿಮೆ ತಿಂದು ಹಾಕಿತ್ತು. ಅವರು ಬೆರಳಾಡಿಸಿ ಹೇಳುತ್ತಾ ಹೋದರು, ನಾನು ತೆನೆಯನ್ನು ಪರದೆಗೇ ಒತ್ತಿ ಹಿಡಿದು ಅದರ ಅಂಚಿನಲ್ಲೇ ಗೆರೆ ಎಳೆಯುತ್ತಾ ಹೋದೆ. ತೆನೆಯ ಕುತ್ತಿಗೆ ಎಡಕ್ಕೆ ಬಾಗಿತ್ತು. ನಡುವೆ ಒಂದು ಕಡೆ ಕಾಳಿರಲಿಲ್ಲ. ಗಿಳಿ ತನ್ನ ಪಾಲನ್ನು ಮೊದಲೇ ತಕ್ಕೊಂಡಿದೆ ಎಂದು ಇಮ್ಯಾನುಯೆಲ್ ನಗುತ್ತಿದ್ದರಂತೆ. ಆ ಖಾಲಿ ಜಾಗವನ್ನೂ ಖಾಲಿಯಾಗಿಯೇ ಬಿಟ್ಟೆ. ಸಂಜೆಗೆ ಬಣ್ಣ ತುಂಬುವುದಷ್ಟೇ ಬಾಕಿ ಉಳಿಯಿತು. ಮೊಬೈಲಿನಲ್ಲಿ ಒಂದು ಫೋಟೊ ಹೊಡೆದಿಟ್ಟುಕೊಳ್ಳುವ ಬುದ್ಧಿ ನಮ್ಮಿಬ್ಬರಲ್ಲಿ ಒಬ್ಬರಿಗೂ ಬರಲಿಲ್ಲ. ನಾನು ಒಳಗಿನ ಕಂಪ್ಯೂಟರನ್ನು ಎಂದಿನಂತೆ ಮಲಗಿಸಿದೆ.

ರೇಚಲ್ ಬಾಯಿ ಮನೆ ತಲುಪಿದ ಮೇಲೆ ಅವರ ಫೋನು ಬಂತು. ಬಸ್ಸಿನ ನೂಕುನುಗ್ಗಲಿನಲ್ಲಿ ಡಬ್ಬಿ ಬಿದ್ದು ತೆನೆಯ ಕಾಳೆಲ್ಲ ಉದುರಿ ಹೋಗಿತ್ತು. ಮಾತಿನ ನಡುವೆ ಅಳು ಕೇಳಿಸುತ್ತಿತ್ತು.

“ನೀನು ಬರೆದಿಟ್ಟಿದ್ದಿ, ಅಲ್ವಾ?”

“ಉಂಟು ಬಾಯಿ. ಹಾಗೇ ಉಂಟು. ನೀವು ಅಳಬೇಡಿ.”

ಮರುದಿನ ಬೆಳಗ್ಗೆ ನಾನು ಇಗರ್ಜಿಯಲ್ಲಿ ಪೂಜೆ ಮುಗಿಸಿ, ಮೀನು ತಕ್ಕೊಂಡು ಮನೆಗೆ ಬಂದರೆ ಬ್ಯಾಪ್ಟಿಸ್ಟ್ ಮುಖದಲ್ಲಿ ಹಬ್ಬದ ಕಳೆ.

“ನಿನ್ನ ಕಂಪ್ಯೂಟರಿಗೆ ಹೊಸ ಆಪರೇಟಿಂಗ್ ಸಿಸ್ಟಮ್ ಬಂತು. ಅಪ್‌ಗ್ರೇಡ್ ಮಾಡಿ ಎಂದು ಬರೆದಿತ್ತು, ಮಾಡಿದೆ. ಆಮೇಲೆ ಹಳೆಯದನ್ನು ಅಳಿಸಿ ಜಾಗ ಖಾಲಿ ಮಾಡಿ ಎಂದಿತು, ಅದನ್ನೂ ಮಾಡಿದೆ.”

ಮೀನಿನ ಚೀಲವನ್ನು ಅಲ್ಲೇ ಇಟ್ಟು ಕಂಪ್ಯೂಟರಿನ ಮುಂದೆ ಕೂತೆ. ಪರದೆಯೆಲ್ಲ ಫಳಫಳ. ನನ್ನ ಹಳೆಯ ಕಂಪ್ಯೂಟರನ್ನು ಎಬ್ಬಿಸಲು ಹೋದರೆ ಮಾತ್ರ ಕೆಂಪು ಅಕ್ಷರಗಳು ಬಂದು ನಿಂತವು. ಮತ್ತೆ ಒತ್ತಿದೆ, ಮತ್ತೆ ಕೆಂಪು. ಶಿಹಾಬನಿಗೆ ಫೋನು ಮಾಡಿದೆ.

“ಕುವೈತಿನಲ್ಲಿ ಯಾರಾದರೂ ಬಾವಿಗೆ ಹಾರಿ ಎಂದು ಬೋರ್ಡು ಹಾಕಿದ್ದರೆ ನೀವು ಹಾರುತ್ತಿದ್ದಿರಾ?” ಎಂದು ಕೇಳಿದೆ.

“ಅಲ್ಲಿ ಬಾವಿಗೆಲ್ಲ ಬೇಲಿ ಉಂಟು,” ಎಂದರು. ತಮಾಷೆಗೆ ಹೇಳಿದ್ದಲ್ಲ.

ಶಿಹಾಬ್ ಅಂಗಡಿಯ ಬಾಗಿಲನ್ನು ಅರ್ಧ ಎಳೆದು ಬಂದ. ಮೊದಲು ಒಂದು ಪುಟ್ಟ ಹಾರ್ಡ್‌ಡಿಸ್ಕ್ ಚುಚ್ಚಿ ಆ ವರ್ಚುವಲ್ ಮಷೀನಿನ ಫೋಲ್ಡರನ್ನು ಇಡಿಯಾಗಿ ನಕಲು ಮಾಡಿಟ್ಟುಕೊಂಡ. ಆಮೇಲೆ ರಿಪೇರಿ. ಹೊಸ ಸಿಸ್ಟಮ್ ತನ್ನ ಸುರಕ್ಷತೆಗೆಂದು ವರ್ಚುವಲ್ ಮಷೀನಿಗೆ ಬೇಕಾದ ಜಾಗವನ್ನು ತಾನೇ ಹಿಡಿದು ಕೂತಿದೆ ಎಂದು ಹೇಳಿ ಒಂದು ಸೆಟ್ಟಿಂಗನ್ನು ಆಫ್ ಮಾಡಿದ. ಸುರಕ್ಷತೆ ಎಂಬ ಶಬ್ದದ ಮುಂದೆ ಆಫ್ ಎಂದು ಕಂಡದ್ದೇ ಬ್ಯಾಪ್ಟಿಸ್ಟ್ ಕುರ್ಚಿಯಲ್ಲಿ ಚಡಪಡಿಸಿದರು. ಕಂಪ್ಯೂಟರ್ ಆರಿ ಮತ್ತೆ ಹತ್ತಿತು. ಕೆಂಪು ಅಕ್ಷರ ಹೋಗಿ ಬೇರೆ ಅಕ್ಷರ ಬಂತು. ವರ್ಚುವಲ್ ಮಷೀನಿನ ಸಾಫ್ಟ್‌ವೇರ್ ಈ ಸಿಸ್ಟಮಿಗೆ ತೀರಾ ಹಳೆಯದಾಯಿತು ಎಂದು ಶಿಹಾಬ್ ಅದರ ಹೊಸದನ್ನು ಇಳಿಸಿ ಹಾಕಿದ. ಆಗ ಪರದೆಯ ಮೇಲೆ ಒಂದು ಪೆಟ್ಟಿಗೆ ಮೂಡಿತು. ಅದನ್ನು ಓದಿ ಅವನು ಮೌಸಿನಿಂದ ಕೈ ತೆಗೆದ.

“ಎಂತ ಮಾರಾಯ?”

“ಆಂಟಿ, ನೀವು ಇದನ್ನು ಮಲಗಿಸಿದ್ದು ಹಳೆಯ ಸಾಫ್ಟ್‌ವೇರಿನಲ್ಲಿ. ಹೊಸದಕ್ಕೆ ಆ ನಿದ್ದೆಯಿಂದ ಎಬ್ಬಿಸಲಿಕ್ಕೆ ಗೊತ್ತಾಗುವುದಿಲ್ಲ. ನಿದ್ದೆಯನ್ನು ಬಿಸಾಡಿ ಮೊದಲಿನಿಂದ ಶುರು ಮಾಡಬಹುದು. ಸೇವ್ ಮಾಡಿದ್ದೆಲ್ಲ ಇರುತ್ತದೆ. ಮಾಡದೆ ತೆರೆದಿಟ್ಟದ್ದು ಹೋಗುತ್ತದೆ. ನೀವು ಸೇವ್ ಮಾಡಿದ್ದೀರಲ್ಲ?”

“ಮಲಗಿಸಿದರೆ ಸಾಕು ಎಂದು ನೀನೇ ಹೇಳಿದ್ದು.”

ಶಿಹಾಬ್ ತಲೆ ಕೆರೆದುಕೊಂಡ. ಹಳೆಯ ಸಿಸ್ಟಮಿಗೇ ಹಿಂದೆ ಹೋಗುವ ದಾರಿಯೊಂದಿತ್ತು, ಅದನ್ನು ಜಾಗ ಖಾಲಿ ಮಾಡುವಾಗಲೇ ಅಳಿಸಿ ಆಗಿದೆ ಎಂದು ಮೆಲ್ಲಗೆ ಹೇಳಿದ. ಅಷ್ಟರಲ್ಲಿ ಬ್ಯಾಪ್ಟಿಸ್ಟ್ ಕೈ ಮೌಸಿನ ಕಡೆ ಹೋಯಿತು. “ಬಿಸಾಡಿ ಎಂದು ಅದೇ ಬಟನ್ ಕೊಟ್ಟಿದೆಯಲ್ಲ,” ಎಂದರು. ನಾನು ಅವರ ಮಣಿಕಟ್ಟನ್ನು ಹಿಡಿದುಕೊಂಡೆ. ಬಳೆಯ ಗುರುತು ಮೂಡುವಷ್ಟು ಬಿಗಿಯಾಗಿ ಹಿಡಿದಿದ್ದೆನಂತೆ. ಆ ಕ್ಷಣ ನನ್ನ ಕಣ್ಣ ಮುಂದೆ ಇದ್ದದ್ದು ರೇಚಲ್ ಬಾಯಿಯ ಬೆರಳುಗಳು. ಅವರಿಗೆ ಏನು ಹೇಳಲಿ? ಸುಂದರವಾದ ಬೇರೆ ತೆನೆ ಬರೆಯಬಹುದಿತ್ತು, ಆದರೆ ಅದು ಇಮ್ಯಾನುಯೆಲ್ ಕೊಯ್ದದ್ದಾಗುವುದಿಲ್ಲ. ಕಣ್ಣಿರುವವರನ್ನು ಮೋಸಗೊಳಿಸಬಹುದು, ಆ ಬೆರಳುಗಳನ್ನು ಆಗುವುದಿಲ್ಲ.

“ಇದೇ ಮಾಡೆಲಿನ, ಹಳೆಯ ಸಿಸ್ಟಮ್, ಹಳೆಯ ಸಾಫ್ಟ್‌ವೇರ್ ಎಲ್ಲ ಹಾಗೇ ಇರುವ ಇನ್ನೊಂದು ಕಂಪ್ಯೂಟರ್ ಇದ್ದರೆ ಅಲ್ಲಿ ಏಳುತ್ತಿತ್ತು,” ಎಂದ ಶಿಹಾಬ್. “ಈಗ ಎಲ್ಲಿ ಸಿಗುತ್ತದೆ?”

“ಇಗರ್ಜಿಯ ಆಫೀಸಿನಲ್ಲಿ,” ಎಂದರು ಬ್ಯಾಪ್ಟಿಸ್ಟ್, ಮಣಿಕಟ್ಟು ತಿಕ್ಕಿಕೊಳ್ಳುತ್ತಾ.

ಹೌದಲ್ಲ. ಎದೆನೋವು ಬಂದು ಮಣಿಪಾಲದ ಆಸ್ಪತ್ರೆಯಿಂದ ಜೀವಸಹಿತ ಮರಳಿದಾಗ ಅವರು ಹರಕೆ ಹೊತ್ತಿದ್ದರು, ಮನೆಗೆ ಮುಂದೆ ಏನು ತಂದರೂ ಅಂಥದ್ದೇ ಒಂದು ಇಗರ್ಜಿಗೆ ಎಂದು. ಫ್ಯಾನು ಎರಡು, ಗಡಿಯಾರ ಎರಡು, ಕಂಪ್ಯೂಟರೂ ಎರಡು. ಕಂಪ್ಯೂಟರಿನ ಸರದಿಗೆ ನಾನು ವಾರಗಟ್ಟಲೆ ಮುಖ ಊದಿಸಿಕೊಂಡಿದ್ದೆ. ಅಲ್ಲಿಯೂ ಹಳೆಯ ಕೊಂಕಣಿ ಅಕ್ಷರಗಳ ಸಾಫ್ಟ್‌ವೇರಿಗಾಗಿ ಶಿಹಾಬನೇ ಇದೇ ಏರ್ಪಾಡು ಮಾಡಿಕೊಟ್ಟಿದ್ದ, ಗಡಿಬಿಡಿಯಲ್ಲಿ ಅದು ಅವನಿಗೇ ಮರೆತಿತ್ತು.

ಹಾರ್ಡ್‌ಡಿಸ್ಕನ್ನು ಮಡಿಲಲ್ಲಿಟ್ಟುಕೊಂಡು ಸ್ಕೂಟರಿನ ಹಿಂದೆ ಕೂತೆ. ದಾರಿಯುದ್ದಕ್ಕೂ ಒಂದೇ ಭಯ. ಅಲ್ಲಿಗೂ ಅದೇ ನೋಟಿಸು ಬಂದಿರುತ್ತದಲ್ಲ? “ಬಂದರೆ ಮಾಡದೆ ಇರುತ್ತಾರಾ?” ಎಂದು ಬ್ಯಾಪ್ಟಿಸ್ಟ್ ಹೆಲ್ಮೆಟ್ಟಿನೊಳಗಿಂದ ಬೇರೆ ಕೇಳಿದರು. ನಾನು ಅವರ ಬೆನ್ನಿಗೆ ಒಂದು ಗುದ್ದು ಕೊಟ್ಟೆ.

ಆಫೀಸಿನ ಶಾರ್ಲೆಟ್ ಊಟಕ್ಕೆ ಹೊರಟು ಬೀಗ ಹಿಡಿದು ನಿಂತಿದ್ದಳು.

“ಶಾರ್ಲೆಟ್, ಕಂಪ್ಯೂಟರಿನಲ್ಲಿ ಅಪ್‌ಗ್ರೇಡ್ ಮಾಡಿ ಎಂದು ಬಂದಿತ್ತಾ?”

“ದಿನಾ ಬರುತ್ತದೆ.”

“ಮಾಡಿದಿಯಾ?”

“ನಾನು ದಿನಾ ‘ಆಮೇಲೆ’ ಎಂದು ಒತ್ತುತ್ತೇನೆ. ಫಾದರ್ ಕೂಡ ಬೈದಾಯಿತು. ನನಗೆ ಪುರುಸೊತ್ತು ಬೇಡವಾ?”

ಸೋಮಾರಿತನಕ್ಕೆ ಸ್ವರ್ಗದಲ್ಲಿ ಜಾಗವಿದ್ದರೆ ಅವಳಿಗೆ ಮುಂದಿನ ಸಾಲಿನಲ್ಲೇ ಸಿಗಲಿ. ನಾನು ಅವಳನ್ನು ತಬ್ಬಿಕೊಂಡೆ, ಅವಳು ಗಾಬರಿಯಾದಳು.

ಬೈಕಿನಲ್ಲಿ ಹಿಂದೆಯೇ ಬಂದ ಶಿಹಾಬ್ ಫೋಲ್ಡರನ್ನು ಆ ಕಂಪ್ಯೂಟರಿಗೆ ಇಳಿಸಿದ. ಪಟ್ಟಿಯಲ್ಲಿ ನನ್ನ ಮಷೀನನ್ನು ಸೇರಿಸಿ ಶುರು ಮಾಡುವ ಬಟನ್ ಒತ್ತಿದ. ಒಂದು ಗೆರೆ ನಿಧಾನವಾಗಿ ತುಂಬುತ್ತಾ ಹೋಯಿತು. ಪಕ್ಕದಲ್ಲಿ ಬ್ಯಾಪ್ಟಿಸ್ಟ್ ತುಟಿ ಅಲ್ಲಾಡುತ್ತಿತ್ತು. ಜಪಮಾಲೆಯ ಎಷ್ಟನೇ ಮಣಿಯೋ. ಗೆರೆ ತುಂಬಿತು, ಕಿಟಕಿ ಕಪ್ಪಾಯಿತು. ಮತ್ತೆ ಬೆಳಕಾದಾಗ ನನ್ನ ಹಳೆಯ ಪರದೆ, ಅದರ ನಡುವೆ ಎಡಕ್ಕೆ ಕುತ್ತಿಗೆ ಬಾಗಿಸಿದ ತೆನೆ. ಗಿಳಿ ತಿಂದ ಜಾಗದ ಪಕ್ಕದಲ್ಲೇ, ನಿನ್ನೆ ನಾನು ಬಿಟ್ಟಲ್ಲಿ, ಬಾಣದ ಗುರುತು ನಿಂತಿತ್ತು.

“ಸೇವ್ ಮಾಡಿ ಆಂಟಿ,” ಎಂದ ಶಿಹಾಬ್.

ಮಾಡಿದೆ. ಇನ್ನೊಂದು ಹೆಸರಿನಲ್ಲೂ ಮಾಡಿದೆ. ಪೆನ್‌ಡ್ರೈವಿಗೂ ಹಾಕಿದೆ. ಆಮೇಲೆ ಒಳಗಿನ ಕಂಪ್ಯೂಟರನ್ನು ಮಲಗಿಸದೆ, ಶಿಹಾಬ್ ಹೇಳಿದ ಹಾಗೆ ಸರಿಯಾಗಿ ಆಫ್ ಮಾಡಿದೆ. ಆಫ್ ಮಾಡಿದ್ದು ಯಾವ ಮನೆಯಲ್ಲೂ ಏಳುತ್ತದೆ ಎಂದ. ನಿಜ, ಅದೇ ಫೋಲ್ಡರ್ ಆ ಮಧ್ಯಾಹ್ನ ನಮ್ಮ ಮನೆಯ ಹೊಸ ಸಿಸ್ಟಮಿನಲ್ಲೂ ಗೊಣಗದೆ ಎದ್ದು ಕೂತಿತು. ಮೀನು ಮಾತ್ರ ಬೆಕ್ಕಿನ ಪಾಲಾಗಿತ್ತು. ನಾವಿಬ್ಬರೂ ಉಪ್ಪಿನಕಾಯಿ ನೆಕ್ಕಿಕೊಂಡು ಗಂಜಿ ಉಂಡೆವು. ಅಷ್ಟು ರುಚಿಯ ಗಂಜಿಯನ್ನು ನಾನು ಈಚೆಗೆ ಉಂಡಿಲ್ಲ.

ಭಾನುವಾರ ಬೆಳ್ಮಣ್ಣಿನಲ್ಲಿ ಮೊದಲ ಪೂಜೆ ಮುಗಿದ ಮೇಲೆ ಹೊಸ ಪಾದ್ರಿ ಮೊದಲು ತಾಯಿಯ ಬಳಿಗೇ ಇಳಿದು ಬಂದ. ತಲೆಯ ಮೇಲೆ ಕೈಯಿಟ್ಟು ಆಶೀರ್ವಾದ ಮಾಡಿ, ಬಗ್ಗಿ ತಬ್ಬಿಕೊಂಡ. ರೇಚಲ್ ಬಾಯಿಯ ಎರಡು ಕೈಗಳೂ ಅವನ ಬೆನ್ನಿಗೆ ಹೋದವು. ನಾನು ಪಕ್ಕದ ಬೆಂಚಿನಲ್ಲೇ ಇದ್ದೆ. ಬೆರಳುಗಳು ದಂಟನ್ನು ಹಿಡಿದು ಮೇಲೆ ಹತ್ತಿದವು, ಎಡಕ್ಕೆ ಹೊರಳಿದವು, ಒಂದೊಂದೇ ಕಾಳನ್ನು ದಾಟುತ್ತಾ ಬಂದು ಆ ಖಾಲಿ ಜಾಗದಲ್ಲಿ ನಿಂತವು.

“ಇಲ್ಲಿ ಗಿಳಿ ತಿಂದದ್ದು,” ಎಂದು ಮಗನ ಕಿವಿಯಲ್ಲಿ ಹೇಳಿದರು. “ನಿನ್ನ ಅಪ್ಪನದ್ದೇ.”

ಆಲ್ವಿನ್ ತಾಯಿಯನ್ನು ಬಿಡಲಿಲ್ಲ. ಅವನ ಹಿಂದೆ ಆಶೀರ್ವಾದಕ್ಕೆ ನಿಂತವರ ಸಾಲು ಉದ್ದವಾಗುತ್ತಿತ್ತು. ನನಗೆ ಅಳು ತಡೆಯಲಾಗಲಿಲ್ಲ. ಬ್ಯಾಪ್ಟಿಸ್ಟ್ ಇಸ್ತ್ರಿ ಮಾಡಿದ ಕರವಸ್ತ್ರವನ್ನು ನನ್ನ ಕೈಗೆ ತುರುಕಿದರು. ಬಾಗಿಲ ಬಳಿ ‘ಸಾಲಿನಲ್ಲಿ ಬನ್ನಿ’ ಎಂಬ ಫಲಕವಿತ್ತು. ನಾವಿಬ್ಬರೂ ಹೋಗಿ ಸಾಲಿನ ಕೊನೆಯಲ್ಲಿ ನಿಂತೆವು.