ಆರನೆಯ ಟ್ರ್ಯಾಕ್

ಕತ್ತರಿಸಿಯಾಗಿತ್ತು. ಗಾಯ ಮಾತ್ರ ಎಲ್ಲೂ ಕಾಣಲಿಲ್ಲ.

ಅವನು ಇನ್ನೊಮ್ಮೆ ಹಿಂದಕ್ಕೆ ಓಡಿಸಿ ಕೇಳಿದ. ಐದನೆಯ ಟ್ರ್ಯಾಕ್ ತೆಳುವಾಗುತ್ತ ಹೋಯಿತು. ಅದರ ಕೆಳಗಿನಿಂದ ಏಳನೆಯದರ ಡ್ರಮ್ಮು ಎದ್ದು ಬಂತು. ನಡುವೆ ಇದ್ದ ಆರನೆಯದು, ಆರು ನಿಮಿಷದ್ದು, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹೋಗಿತ್ತು. ಇಪ್ಪತ್ತು ವರ್ಷ ಕ್ಲಬ್ಬುಗಳಲ್ಲಿ ಡಿಜೆಯಾಗಿ ನಿಂತು ಕಲಿತ ಕೈಚಳಕ. ಆ ಕೈಯನ್ನು ಕಚ್ಚಿಬಿಡಬೇಕೆನ್ನಿಸಿತು.

ಹೌಸ್ ಎಂಬ ಕುಣಿತದ ಸಂಗೀತದಲ್ಲಿ ನಿಧಾನವಾಗಿ ಶುರುವಾಗಿ ಟ್ರಾನ್ಸ್‌ನ ಓಟದಲ್ಲಿ ಮುಗಿಯುವ ಮಿಕ್ಸ್ ಆಲ್ಬಂ ಅದು. ಹನ್ನೆರಡು ಜನರ ಹನ್ನೆರಡು ಟ್ರ್ಯಾಕುಗಳು. ಒಂದು ಮುಗಿದು ಇನ್ನೊಂದು ಶುರುವಾದದ್ದು ಕೇಳುವವನಿಗೆ ಗೊತ್ತಾಗಬಾರದು. ಎರಡರ ಬೇಸ್, ಆ ತಳದ ಗುಡುಗು, ಒಟ್ಟಿಗೆ ನುಡಿದರೆ ಎಲ್ಲ ಕೆಸರು. ಹೊಸದು ಬಂದ ಕ್ಷಣವೇ ಹಳೆಯದರ ಬೇಸನ್ನು ಕೊಲ್ಲಬೇಕು. ಕೊಲ್ಲುವುದು ಎಂದೇ ಆ ಕಸುಬಿನವರು ಹೇಳುವುದು. ಭೌತಶಾಸ್ತ್ರದ ಸಂಶೋಧನೆಯನ್ನು ಅರ್ಧಕ್ಕೆ ಬಿಟ್ಟು ಬಂದ ಅವನಿಗೆ ಮೊದಮೊದಲು ಆ ಮಾತು ಕೇಳಿದರೆ ನಗು ಬರುತ್ತಿತ್ತು.

ಬೆಳಿಗ್ಗೆ ಕಂಪನಿಯ ಮ್ಯಾನೇಜರ್ ಫೋನ್ ಮಾಡಿದ್ದ.

"ಡಿಸ್ಕಲ್ಲಿ ಹಿಡಿಸ್ತಿಲ್ಲ. ಆರು ನಿಮಿಷ ಜಾಸ್ತಿ. ಒಂದು ತೆಗೀರಿ."

"ಯಾವುದು?"

"ಯಾವುದಾದ್ರೂ. ಹನ್ನೊಂದು ಟ್ರ್ಯಾಕಿಗೆ ಒಪ್ಪಂದದ ಕಾಗದ ಆಗಿದೆ. ಇನ್ನೊಂದು ನಿಮ್ಮ ಮನೆಯವರದ್ದೇ ಅಲ್ವಾ?"

"ಹೆಂಡತಿ ತಮ್ಮನದ್ದು."

"ಮತ್ತೇನು! ನಾಲ್ಕು ಗಂಟೆಗೆ ಡಿಸ್ಕ್ ಫ್ಯಾಕ್ಟರಿಯವನು ಬರ್ತಾನೆ, ಕೊಟ್ಬಿಡಿ."

"ನೋಡ್ತೀನಿ" ಎಂದ. ನೋಡುವುದಕ್ಕೆ ಏನೂ ಇರಲಿಲ್ಲ.

ಭಾವಮೈದುನ ಲಿಫ್ಟ್ ಮೆಕ್ಯಾನಿಕ್. ಎರಡು ವರ್ಷದ ಭಾನುವಾರಗಳನ್ನೆಲ್ಲ ಸುರಿದು ಆ ಒಂದೇ ಒಂದು ಟ್ರ್ಯಾಕ್ ಮಾಡಿದ್ದ. ಅದರ ಲಯವೆಲ್ಲ ಅವನ ತಾಯಿಯ ಹೊಲಿಗೆ ಮಷೀನಿನ ಸದ್ದು. ಆಕೆ ಸಾಯುವ ತಿಂಗಳಲ್ಲಿ, ದಿಂಬಿನ ಚೀಲ ಹೊಲಿಯುತ್ತಿದ್ದಾಗ, ಪಕ್ಕದಲ್ಲಿ ಕೂತು ಟೇಪಿನಲ್ಲಿ ಹಿಡಿದದ್ದು. ಬಟ್ಟೆಯ ಮಡಿಕೆ ದಪ್ಪವಾದಲ್ಲಿ ಮಷೀನು ಒಂದು ಕ್ಷಣ ತೊದಲುತ್ತಿತ್ತು. ಅದನ್ನು ತಿದ್ದೋಣವೆಂದರೆ ಅವನು ಬಿಡಲಿಲ್ಲ. "ಬೇಡಿ ಭಾವ, ಅಲ್ಲೇ ಅಮ್ಮ ಇರೋದು" ಎಂದಿದ್ದ. ಆಕೆಯ ದನಿಯಾಗಲಿ ಒಳ್ಳೆಯದೊಂದು ಫೋಟೋವಾಗಲಿ ಅವರ ಬಳಿ ಇರಲಿಲ್ಲ. ಆ ಆರು ನಿಮಿಷ ಬಿಟ್ಟರೆ ಆಕೆ ಎಲ್ಲೂ ಇರಲಿಲ್ಲ.

ನಿಜ ಹೇಳಬೇಕೆಂದರೆ ಕತ್ತರಿಸುವಾಗ ಖುಷಿಯಾಗಿತ್ತು. ಬೇರೆಯವರದನ್ನು ಜೋಡಿಸುವುದೇ ಬದುಕಾಗಿ ಹೋದ ಅವನು ತನ್ನದೆಂಬ ಒಂದು ನಿಮಿಷವನ್ನೂ ಮಾಡಿರಲಿಲ್ಲ. ಲಿಫ್ಟಿಗೆ ಗ್ರೀಸ್ ಹಚ್ಚುವವನು ಮಾಡಿಬಿಟ್ಟಿದ್ದ. ಹೊಟ್ಟೆಕಿಚ್ಚು, ಮತ್ತೇನಲ್ಲ. ಅದಕ್ಕೆ ಬೇರೆ ಹೆಸರು ಹುಡುಕುವಷ್ಟು ಓದಿದ್ದರೂ ಅವನು ಹುಡುಕಲಿಲ್ಲ.

ಎರಡೂವರೆಗೆ ಭಾವಮೈದುನ ಆಲ್ಬಂ ಕೇಳಲೆಂದು ಸ್ಪ್ಯಾನರುಗಳ ಚೀಲವನ್ನು ಹೆಗಲಿಗೆ ಹಾಕಿಕೊಂಡೇ ಬಂದ. ದಂತವೈದ್ಯರ ಕ್ಲಿನಿಕ್ಕಿನಲ್ಲಿ ಸಹಾಯಕಿಯಾಗಿದ್ದ ಹೆಂಡತಿಯೂ ಅರ್ಧ ದಿನ ರಜೆ ಹಾಕಿ ಬಂದಿದ್ದಳು.

"ರಜಾ ಕೊಡಲ್ಲ ಅಂದ್ರು ಅಕ್ಕ. ಲಿಫ್ಟ್ ಮೂರನೇ ಮಹಡೀಲೇ ಬಿಟ್ಟು ಬಂದೆ."

"ಒಳಗೆ ಯಾರೂ ಇಲ್ವಲ್ಲೋ?"

"ಇದ್ರೆ ಕೂಗ್ತಾರೆ ಬಿಡು."

ಇಬ್ಬರೂ ನಕ್ಕರು. ಟ್ರ್ಯಾಕ್ ತೆಗೆದದ್ದನ್ನು ಅವನು ಇನ್ನೂ ಹೇಳಿರಲಿಲ್ಲ. ಅವನು ಕನ್ನಡಕ ತೆಗೆದು ಡ್ರಾಯರಿನಲ್ಲಿಟ್ಟ. ಭಾವಮೈದುನನ ಕೈಗೆ ಸಿಗುವಷ್ಟು ಹತ್ತಿರ ಕುರ್ಚಿ ಎಳೆದುಕೊಂಡ. ಕೇಳುತ್ತಾನೆ, ತನ್ನದು ಬರುವುದಿಲ್ಲ, ಎದ್ದು ನಾಲ್ಕು ಬಿಗಿಯುತ್ತಾನೆ. ಒಂದೆರಡು ಹಲ್ಲು ಹೋದರೂ ಹೋಗಲಿ. ಬಾಯಿಬಿಟ್ಟು ಹೇಳುವುದಕ್ಕಿಂತ ಅದೇ ಸುಲಭ.

"ಕನ್ನಡಕ ಯಾಕ್ರೀ ತೆಗೆದ್ರಿ?" ಹೆಂಡತಿ ಕೇಳಿದಳು.

"ತಲೆನೋವು."

ಮೊದಲಿನಿಂದ ಹಾಕಿದ. ಭಾವಮೈದುನ ಕಣ್ಣು ಮುಚ್ಚಿ, ಮೈಯೆಲ್ಲ ಕಿವಿಯಾಗಿ ಕೂತ. ಒಂದು, ಎರಡು, ಮೂರು. ಡ್ರಮ್ಮು ಗೋಡೆಯನ್ನು ಗುದ್ದುತ್ತಿತ್ತು. ನಾಲ್ಕು. ಐದು. ಮೂವತ್ತೊಂದನೆಯ ನಿಮಿಷ. ಐದನೆಯದು ತೆಳುವಾಯಿತು. ಅವನು ದವಡೆ ಬಿಗಿಹಿಡಿದ.

ಏಳನೆಯದು ಬಂತು. ಯಾವ ಕಂಪ್ಯೂಟರಿನಲ್ಲಾದರೂ ಸಿಗುವ ತಾಳದ ಚಿಕ್‌ಚಿಕ್, ಒಂದೇ ಸಮ, ತೊದಲಿಲ್ಲ, ತಡವರಿಕೆಯಿಲ್ಲ.

ಭಾವಮೈದುನನ ಮುಖ ಅರಳಿತು.

"ಬಂತು" ಎಂದ.

ಹೆಂಡತಿ ತಮ್ಮನ ಭುಜ ಹಿಡಿದಳು. ಅವಳ ಕಣ್ಣು ತುಂಬಿತ್ತು. "ಅಮ್ಮ" ಎಂದಳು, ಸಣ್ಣಗೆ.

ಅವನಿಗೆ ಏನೂ ಅರ್ಥವಾಗಲಿಲ್ಲ. ಏಟಿಗೆಂದು ಬಿಗಿದ ಮೈ ಹಾಗೇ ಉಳಿಯಿತು. ಅವರಿಬ್ಬರೂ ಆರು ನಿಮಿಷ ತಲೆದೂಗಿದರು.

"ಎಷ್ಟು ಚೆನ್ನಾಗಿ ಕೂರಿಸಿದೀರಿ ಭಾವ! ಎಲ್ಲಿ ಶುರುವಾಯ್ತು ಅಂತಾನೇ ತಿಳೀಲಿಲ್ಲ."

"ಆ ತೊದಲು ಕೇಳಿಸ್ತಾ?"

"ಕೇಳ್ಸದೆ ಏನು? ಅದಕ್ಕೇ ಅಲ್ವಾ ಕಾಯ್ತಾ ಕೂತಿದ್ದು."

ಅವನ ಮುಷ್ಟಿ ಭಾವಮೈದುನನ ಬಾಯಿಗೆ ಬಿತ್ತು. ಹುಟ್ಟಿದಾಗಿನಿಂದ ಯಾರಿಗೂ ಹೊಡೆದವನಲ್ಲ. ಹಲ್ಲು ತಗುಲಿ ಗೆಣ್ಣು ಹರಿಯಿತು. ನೋವಾಯಿತು, ನೋವು ಹಿತವಾಯಿತು. ಇನ್ನೊಂದು ಹೊಡೆದ. ಮೂಗಿನಿಂದ ರಕ್ತ ಇಳಿಯಿತು. ಮೂರನೆಯದು, ನಾಲ್ಕನೆಯದು. ಪ್ರತಿ ಏಟೂ ಡ್ರಮ್ಮಿನ ಮೇಲೇ ಸರಿಯಾಗಿ ಬೀಳುತ್ತಿದೆಯೆಂದು ಅವನಿಗೆ ಗೊತ್ತಾಯಿತು. ತಾಳ ತಪ್ಪಿಸಿ ಹೊಡೆಯಲು ನೋಡಿದ. ಕೈ ಕೇಳಲಿಲ್ಲ.

"ಭಾವ, ಯಾಕೆ? ಭಾವ!"

ಲಿಫ್ಟಿನ ಬಾಗಿಲನ್ನು ಬರಿಗೈಯಲ್ಲಿ ಸರಿಸುವವನು ಕೈ ಎತ್ತಲಿಲ್ಲ. ಅದರಿಂದ ಹೊಡೆಯುತ್ತಿದ್ದವನಿಗೆ ಇನ್ನಷ್ಟು ಉರಿದುಹೋಯಿತು. ಹೆಡ್‌ಫೋನ್ ತೆಗೆದು ಅವನ ಕಿವಿಯ ಮೇಲೆ ಅಪ್ಪಳಿಸಿದ.

"ಇದನ್ನ ಯಾಕೆ ಇಟ್ಕೊಂಡಿದೀಯ? ಓಲೆ ಹಾಕ್ಕೊಳ್ಳೋಕಾ? ಕೇಳೋ! ಸರಿಯಾಗಿ ಕೇಳೋ!"

ಹೆಂಡತಿ ಹಿಂದಿನಿಂದ ಜಗ್ಗಿದಳು. ಅವನು ಮೊಣಕೈಯಿಂದ ತಳ್ಳಿದ. ಅವಳು ಕಪಾಟಿಗೆ ಬಡಿದು, ರವಿಕೆಯ ತೋಳು ಹರಿದು, ಬಿದ್ದಳು. ಎದ್ದಾಗ ಅವಳ ಕೈಯಲ್ಲಿ ತಮ್ಮನ ಚೀಲದ ಸ್ಪ್ಯಾನರ್ ಇತ್ತು. ಗುರಿ ನೋಡಿ, ಅವನ ಬಲಗೈಗೆ ಹೊಡೆದಳು. ಬೆರಳಿನ ಮೂಳೆ ಮುರಿದ ಸದ್ದು ಡ್ರಮ್ಮಿನ ನಡುವೆಯೂ ಕೇಳಿಸಿತು. ಅವನು ನೆಲದ ಮೇಲೆ ಕೂತ.

ಅವಳು ಸಂಗೀತ ನಿಲ್ಲಿಸಿದಳು. ಕ್ಲಿನಿಕ್ಕಿನಲ್ಲಿ ಮಾಡುವ ಹಾಗೆ ತಮ್ಮನ ತುಟಿ ಮಗುಚಿ ನೋಡಿ ಹತ್ತಿ ಇಟ್ಟಳು.

"ನನ್ನ ತಮ್ಮ ನಿಮಗೇನು ಮಾಡಿದ್ದ?"

"ಅವನದು ಇದರಲ್ಲಿಲ್ಲ. ನಾನೇ ತೆಗೆದುಹಾಕ್ದೆ."

ಕೊನೆಗೂ ಹೇಳಿದ್ದ. ಮೈ ಹಗುರಾಗಬೇಕಿತ್ತು.

ಭಾವಮೈದುನ ಹತ್ತಿಯನ್ನು ಪಕ್ಕಕ್ಕೆ ಸರಿಸಿದ. "ಸುಳ್ಳು ಹೇಳ್ಬೇಡಿ ಭಾವ. ಈಗ ತಾನೇ ಕೇಳಿದ್ನಲ್ಲ."

"ನಾನೂ ಕೇಳಿದೆ" ಎಂದಳು ಹೆಂಡತಿ.

"ಕಂಪ್ಯೂಟರ್ ಪರದೆ ನೋಡು. ಎಣಿಸು. ಹನ್ನೊಂದೇ ಇದೆ."

"ಹೊಡೆದ ಕೈಲಿ ತೋರಿಸಿದ್ದನ್ನ ನಾನ್ಯಾಕೆ ನೋಡ್ಲಿ?" ಭಾವಮೈದುನನ ದನಿಯಲ್ಲಿ ಸಿಟ್ಟಿಗಿಂತ ಕನಿಕರ ಹೆಚ್ಚಿತ್ತು. "ನಿಮಗೆ ಹೊಟ್ಟೆಕಿಚ್ಚು ಭಾವ. ಇರ್ಲಿ ಬಿಡಿ. ಅದನ್ನ ಕಿತ್ಕೊಳ್ಳೋಕೆ ಮಾತ್ರ ನೋಡ್ಬೇಡಿ. ಅಕ್ಕ, ಇನ್ನೊಂದ್ಸಲ ಹಾಕು."

ಅವಳು ಹಾಕಿದಳು. ಮೂವರೂ ಕೇಳಿದರು. ಒಬ್ಬ ಕುರ್ಚಿಯಲ್ಲಿ, ಒಬ್ಬಳು ಅದರ ಕೈಯ ಮೇಲೆ, ಒಬ್ಬ ನೆಲದಲ್ಲಿ. ಮುರಿದ ಬೆರಳು ಬದನೆಕಾಯಿಯಂತೆ ಊದಿಕೊಂಡಿತ್ತು. ಈ ಸಲ ತೋರಿಸಿಯೇ ಬಿಡುತ್ತೇನೆ, ಕತ್ತರಿಸಿದ ಜಾಗಕ್ಕೆ ಸರಿಯಾಗಿ ನಿಲ್ಲಿಸಿ, ಇಲ್ಲಿ ನೋಡಿ ಎನ್ನುತ್ತೇನೆ ಎಂದು ಕಾದ. ಐದನೆಯದು ತೆಳುವಾಯಿತು. ಈಗ, ಎಂದುಕೊಂಡ. ಇಲ್ಲ, ಇನ್ನೂ ಸ್ವಲ್ಪ. ಅಷ್ಟರಲ್ಲಿ ಭಾವಮೈದುನ ರಕ್ತ ಮೆತ್ತಿದ ಬೆರಳೆತ್ತಿ "ಇಗೋ" ಎಂದ. ಅವಳು ಹೂಂಗುಟ್ಟಿದಳು. ಜಾಗ ದಾಟಿಹೋಗಿತ್ತು. ಎಲ್ಲಿ ದಾಟಿತೆಂದು ಅವನಿಗೇ ತಿಳಿಯಲಿಲ್ಲ.

ಬಾಗಿಲ ಕರೆಗಂಟೆ ಬಾರಿಸಿತು. ನಾಲ್ಕಾಗಿತ್ತು. ಬೆಳಿಗ್ಗೆಯೇ ತುಂಬಿಸಿಟ್ಟಿದ್ದ ಡಿಸ್ಕನ್ನು ಹೆಂಡತಿ ತೆಗೆದುಕೊಂಡು ಬಾಗಿಲು ತೆರೆದಳು. ಅವನು ಬಾಯಿ ತೆರೆದ. ಕೊಡಬೇಡ ಎನ್ನಬೇಕಿತ್ತು, ಆರು ನಿಮಿಷ ವಾಪಸು ಸೇರಿಸಿ ಇನ್ನೊಂದನ್ನು ತೆಗೆಯಬಹುದಿತ್ತು. ಆದರೆ ಆಗಲೇ ಇದೆಯೆಂದು ನಂಬಿದ್ದನ್ನು ಮತ್ತೆ ಸೇರಿಸುತ್ತೇನೆಂದರೆ ಈ ಇಬ್ಬರೂ ಒಪ್ಪುವುದಿಲ್ಲ. ಬಾಯಿ ಮುಚ್ಚಿದ.

ಫ್ಯಾಕ್ಟರಿಯವನು ಅವಳ ರವಿಕೆಯ ಹರಿದ ತೋಳನ್ನೂ ಒಳಗೆ ಕೂತವರನ್ನೂ ನೋಡಿದ. ಡಿಸ್ಕಿನ ಡಬ್ಬಿಯನ್ನು ಜೇಬಿಗೆ ತುರುಕಿದ.

"ಹುಷಾರಪ್ಪ" ಎಂದು ಭಾವಮೈದುನ ಒಳಗಿನಿಂದ ಕೂಗಿದ. "ಅದ್ರಲ್ಲಿ ನಮ್ಮಮ್ಮ ಇದಾರೆ."

ಆತ ಬೆಚ್ಚಿದ. ಡಬ್ಬಿಯನ್ನು ಜೇಬಿನಿಂದ ಹೊರತೆಗೆದು ಎರಡೂ ಕೈಯಲ್ಲಿ ಹಿಡಿದುಕೊಂಡ. ತುಂಬಿದ ಪಾತ್ರೆ ಹಿಡಿದವನ ಹಾಗೆ, ಒಂದು ಹನಿಯೂ ಚೆಲ್ಲದಂತೆ, ಒಂದೊಂದೇ ಮೆಟ್ಟಿಲು ಇಳಿದು ಹೋದ.