ಸೊಣ್ಣಮ್ಮನ ಮನೆಗೆ ವೀಡಿಯೋ

"ಗೋಡೆಗೆ ತಗಲ್ದಂಗೆ ತನ್ರಪ್ಪ, ನೆನ್ನೆ ತಾನೇ ಸುಣ್ಣ ಒಡ್ಸಿವ್ನಿ."

ಟೆಂಪೋದಿಂದ ಇಳಿದದ್ದು ಬೀರುವಿನಷ್ಟು ಎತ್ತರದ ಮರದ ಪೆಟ್ಟಿಗೆ. ಅದನ್ನು ಪಡಸಾಲೆಗೆ ಹೊತ್ತು ತರುವಷ್ಟರಲ್ಲಿ ಸೊಣ್ಣಮ್ಮ ಬೀದಿಬಾಗಿಲಿಗೂ ಒಳಕೋಣೆಗೂ ನಾಲ್ಕಾರು ಸಲ ಓಡಾಡಿಬಿಟ್ಟಳು. ಬಾಗಲಗುಂಟೆಯಲ್ಲಿ ಆಗ ಟೀವಿ ಇದ್ದದ್ದೇ ಎರಡು ಮನೆಗಳಲ್ಲಿ. ವೀಡಿಯೋ ಅಂದರೆ ಊರಿಗೆಲ್ಲ ಒಂದೇ ಅರ್ಥ: ಗಣೇಶನ ಹಬ್ಬಕ್ಕೆ ಬಾಡಿಗೆಗೆ ತಂದು ಸಿನಿಮಾ ಮೇಲೆ ಸಿನಿಮಾ ತೋರಿಸುವುದು. ಹಾಗಾಗಿ ಪೀಣ್ಯದಲ್ಲಿ ಕಾರ್ಖಾನೆ ಕೆಲಸ ಬಿಟ್ಟಿದ್ದ ನಲ್ಲಪ್ಪ ಬಂದು "ನಿಮ್ ಪಡಸಾಲೇಲಿ ವೀಡಿಯೋ ಇಡ್ತೀನಮ್ಮ, ತಿಂಗ್ಳಿಗಿಷ್ಟು ಅಂತ ಬಾಡಿಗೆ ಕೊಡ್ತೀನಿ" ಅಂದಾಗ ಅವಳು ಹಿಂದೆಮುಂದೆ ನೋಡದೆ ಒಪ್ಪಿದಳು. ಷರತ್ತು ಒಂದೇ. ಒಳಕೋಣೆಯ ಬಾಗಿಲು ಮುಚ್ಚಬಾರದು, ಪೆಟ್ಟಿಗೆಯ ಮುಖ ಆ ಕಡೆಗೇ ಇರಬೇಕು. ಮನೆಯವರ ಏನೋ ಶಾಸ್ತ್ರವಿರಬೇಕು ಅಂದುಕೊಂಡು ನಲ್ಲಪ್ಪ ತಲೆಯಾಡಿಸಿದ್ದ.

ಒಳಕೋಣೆಯಲ್ಲಿ ಅವಳ ಗಂಡ ಆವಲಪ್ಪ ಮಲಗಿದ್ದ. ಯುಗಾದಿ ಕಳೆಯುತ್ತಲೇ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಮಾತು ತೊದಲಾದರೂ ಬರುತ್ತಿತ್ತು, ಅವನೇ ಆಡುವುದನ್ನು ಬಿಟ್ಟಿದ್ದ. ಗೋಡೆಗೆ ಮುಖ ಮಾಡಿದವನು ಊಟಕ್ಕೂ ತಿರುಗುತ್ತಿರಲಿಲ್ಲ. ಬಲವಂತ ಮಾಡಿದರೆ ಎಡಗೈಯಲ್ಲಿ ಅಂಬಲಿಯ ಲೋಟ ತಳ್ಳುತ್ತಿದ್ದ. ಅದು ಸಾಯಲು ತೀರ್ಮಾನಿಸಿದವನ ಹಟ. ಸೊಣ್ಣಮ್ಮನಿಗೆ ಅದು ಗೊತ್ತಿತ್ತು, ಕೂತಲ್ಲಿ ಕೂರಲಾಗದೆ ಒದ್ದಾಡುತ್ತಿದ್ದಳು. ಇದ್ದ ಹೊಲವೆಲ್ಲ ಕಾರ್ಖಾನೆಗಳ ಪಾಲಾದಾಗಲೂ ಟೆಂಟಿನಲ್ಲಿ ಹೊಸ ಸಿನಿಮಾ ತಪ್ಪಿಸದ ಮನುಷ್ಯ ಅವನು. ಸಿನಿಮಾ ಕಂಡರಾದರೂ ಈ ಕಡೆ ತಿರುಗಿಯಾನು ಎಂಬುದೊಂದೇ ಅವಳಿಗೆ ಉಳಿದಿದ್ದ ಆಸೆ.

ಸಂಜೆಗೆ ಕೇರಿಯ ಹೆಂಗಸರು ಚಾಪೆ, ಎಲೆಅಡಿಕೆ ಸಮೇತ ಬಂದು ಕೂತರು. ಸೊಣ್ಣಮ್ಮನೇ ಮನೆಮನೆಗೆ ಹೋಗಿ ಸಾರಿ ಬಂದಿದ್ದಳಲ್ಲ. ಇಷ್ಟು ಜನ ಯಾಕೆಂದು ತಿಳಿಯದ ನಲ್ಲಪ್ಪ ಅಳುಕುತ್ತಲೇ ಸ್ವಿಚ್ ಹಾಕಿದ. ಕಪ್ಪು ಪರದೆಯ ಕೆಳಗೆ ಒಂದು ಪುಟ್ಟ ವಿಮಾನ, ಮೇಲಿನಿಂದ ಸಾಲಾಗಿ ಇಳಿಯುವ ಹುಳುಗಳಂಥವು, ಜೊತೆಗೆ ಕುಂಯ್ ಕುಂಯ್ ಸದ್ದು.

"ಇದು ನ್ಯೂಸ್ ರೀಲ್ ಇರ್ಬೇಕು ಕಣಕ್ಕ. ಆಮ್ಯಾಕೆ ಪಿಚ್ಚರ್ರು," ಎಂದಳು ಪಕ್ಕದ ಮನೆಯ ಪಿಳ್ಳಮ್ಮ.

ಕಾದರು. ವಿಮಾನ ಸತ್ತಿತು, ಮತ್ತೆ ಹುಟ್ಟಿತು, ಮತ್ತೆ ಸತ್ತಿತು. ಎಲೆಅಡಿಕೆ ಮುಗಿಯಿತು.

"ಈರೋ ಯಾವಾಗಪ್ಪ ಬರೋದು?" ಪಿಳ್ಳಮ್ಮ ಕೇಳಿದಳು.

"ಈರೋ ಗೀರೋ ಇಲ್ಲಮ್ಮ. ಇದು ವೀಡಿಯೋ ಗೇಮು. ಕಾಸು ಹಾಕೋ ತನಕ ಅದೇ ಆಡ್ತಿರುತ್ತೆ, ಹಾಕಿದ್ಮೇಲೆ ನಾವು ಆಡೋದು."

ಪಿಳ್ಳಮ್ಮ ಸೆರಗನ್ನು ಬಾಯಿಗೊತ್ತಿಕೊಂಡು ನಕ್ಕಳು. ಉಳಿದವರೂ ನಗುತ್ತಲೇ ಚಾಪೆ ಸುತ್ತಿಕೊಂಡು ಹೊರಟರು. ಸೊಣ್ಣಮ್ಮನಿಗೆ ಅವಮಾನಕ್ಕಿಂತ ಭಯವೇ ಹೆಚ್ಚಾಯಿತು. ಇನ್ನು ಮಾಡಲು ಏನೂ ತೋಚಲಿಲ್ಲ.

"ನಾಳೀಕೇ ಇದ್ನ ಎತ್ಕೊಂಡೋಗಪ್ಪ," ಅಂದಳು. "ನಮ್ ಯಜಮಾನ್ರು ಪಿಚ್ಚರ್ ನೋಡ್ಲಿ ಅಂತ ಒಪ್ಕೊಂಡಿದ್ದು. ಇದ್ನ ಯಾರು ನೋಡ್ತಾರೆ?"

"ಎಡಕ್ಕೆ," ಎಂದಿತು ಒಳಕೋಣೆ.

ಇಬ್ಬರೂ ತಿರುಗಿದರು. ಆವಲಪ್ಪ ಯಾವಾಗಲೋ ಗೋಡೆ ಬಿಟ್ಟು ಈ ಕಡೆಗೆ ಹೊರಳಿದ್ದ. ಅವನ ಕಣ್ಣು ಇವರ ಮೇಲಿರಲಿಲ್ಲ, ಪರದೆಯ ಮೇಲಿತ್ತು.

"ಎಡಕ್ಕೋಗೋ, ಮುಂಡೇದೇ," ತೊದಲುತ್ತ ಬೈದ. "ನೋಡು, ಸತ್ತ."

ನಲ್ಲಪ್ಪ ಒಳಗೆ ಹೋಗಿ ಅವನನ್ನು ಎತ್ತಿಕೊಂಡು ಬಂದು ಕುರ್ಚಿಯಲ್ಲಿ ಕೂರಿಸಿದ. ಎತ್ತರ ಸಾಲಲಿಲ್ಲ. ಕುರ್ಚಿಯ ಕಾಲಿಗೆ ಇಟ್ಟಿಗೆ ಕೊಟ್ಟು, ಬೀಳದಂತೆ ಬೆನ್ನಿಗೆ ದಿಂಬಿಟ್ಟ. ಪೆಟ್ಟಿಗೆಯ ಎಡಗಡೆ ಬಸ್ಸಿನ ಗೇರಿನಂಥ ಒಂದು ಹಿಡಿ, ಅದರಿಂದ ವಿಮಾನ ಓಡಿಸಬೇಕು. ಬಲಗಡೆ ಕೆಂಪು ಬಟನ್, ಅದರಿಂದ ಗುಂಡು. ಆವಲಪ್ಪ ಎಡಗೈಯಲ್ಲಿ ಹಿಡಿಯನ್ನು ಹಿಡಿದು, ಬಟನ್ನನ್ನೂ ತೊಡೆಯ ಮೇಲೆ ಬಿದ್ದಿದ್ದ ಬಲಗೈಯನ್ನೂ ನೋಡಿದ. ಅವನ ಮುಖ ಮತ್ತೆ ಸಣ್ಣಗಾಯಿತು.

ಸೊಣ್ಣಮ್ಮ ಅವನ ಬಲಕ್ಕೆ ಹೋಗಿ ನಿಂತು ಬಟನ್ ಮೇಲೆ ಬೆರಳಿಟ್ಟಳು. "ಯಾವಾಗ ಒತ್ಬೇಕು ಯೋಳಿ."

ನಲ್ಲಪ್ಪ ಕಾಸು ಹಾಕಿದ. ಹುಳುಗಳು ಇಳಿಯತೊಡಗಿದವು. ಆವಲಪ್ಪ ಸರಕ್ಕನೆ ಎಡಕ್ಕೆಳೆದು "ಒಡಿ" ಅಂದ. ಅವಳು ಒತ್ತುವಷ್ಟರಲ್ಲಿ ವಿಮಾನ ಸುಟ್ಟುಹೋಯಿತು.

"ಒಡಿ ಅಂದ್ರೆ ಒಡೀಬೇಕು."

"ತಡವಾಗಿ ಯೋಳಿದ್ರೆ ನಾನೇನ್ ಮಾಡ್ಲಿ?"

"ನಾನ್ ತಡ ಮಾಡಿಲ್ಲ. ನೀನು ಅಲ್ಲಿ ನೋಡ್ದೆ ನನ್ ಮೊಕ ನೋಡ್ತಾ ನಿಂತಿದ್ದೆ." ಇಷ್ಟುದ್ದ ಮಾತಾಡಿ ಅವನಿಗೆ ಏದುಸಿರು ಬಂತು. "ನನ್ ಮೊಕದಲ್ಲೇನೈತೆ? ಪರದೆ ನೋಡು."

ಇನ್ನೊಂದು ವಿಮಾನ ಹುಟ್ಟಿತು. ಸೊಣ್ಣಮ್ಮ ಪರದೆಯನ್ನೇ ನೋಡಿದಳು. ಅದು ಮಂಜುಮಂಜಾಗಿ ಕಾಣುತ್ತಿತ್ತು. ಕಣ್ಣೊರೆಸಿಕೊಳ್ಳಲು ಹೋದರೆ ಎಲ್ಲಿ ಮತ್ತೆ ತಡವಾಗುತ್ತದೋ ಎಂದು, ಅವನು ಹೇಳಿದಾಗಲೆಲ್ಲ ಹಾಗೆಯೇ ಒತ್ತುತ್ತ ನಿಂತಳು.