ಬರೀ ಗೆಣಸಿಟ್ಟರೆ ಊಟವಾಯಿತೇ?

ತಾರೈವಿನಿಯ ಮಗಳು ವಿಕಾಗೆ ಎರಡು ವರ್ಷ. ಅಮ್ಮನೆಂದರೆ ಜೀವ. ಆದರೆ ಅಮ್ಮ ಕೈ ಚಾಚಿದರೆ ಸಾಕು, ಮುಖ ತಿರುಗಿಸಿ ಅಜ್ಜಿಯ ಮಡಿಲಿಗೆ ಓಡಿಬಿಡುತ್ತಿದ್ದಳು. ತಪ್ಪು ಮಗುವಿನದಲ್ಲ. ತಾರೈವಿನಿ ಹೊಳೆಯಾಚೆಯ ಶೆಡ್ಡಿನಲ್ಲಿ ಬೆಳಗಿನಿಂದ ಸಂಜೆವರೆಗೆ ನಿಂತು ಶುಂಠಿಯ ಸಿಪ್ಪೆ ಹೆರೆಯುವವಳು. ಎಷ್ಟು ಸೋಪು ಹಾಕಿ ತಿಕ್ಕಿದರೂ ಆ ಖಾರ ಕೈಬಿಟ್ಟು ಹೋಗದು. ಒಮ್ಮೆ ಮಗುವಿನ ಕಣ್ಣೊರೆಸಲು ಹೋಗಿ ಊರಿಗೆಲ್ಲ ಕೇಳುವಂತೆ ಅಳಿಸಿದ್ದಳು. ಅಂದಿನಿಂದ ಮಗುವಿನ ಮುಖ ತೊಳೆಯುವುದು ಅತ್ತೆ ಮಕೆರೆತಾಳ ಪಾಲಿಗೆ ಬಂತು. ತಾಯಿಗೆ ಇದಕ್ಕಿಂತ ಸಂಕಟ ಬೇಕೆ?

ಒಂದು ಶನಿವಾರ ಕೆಲೆರಾ ಬಂದಳು. ಅದೇ ಊರಿನ ಹುಡುಗಿ. ಕೆಲಸಗಾರರ ಸಂಘದ ಪರವಾಗಿ ಮನೆಮನೆಗೆ ಹೋಗಿ, ಯಾರ ಕೆಲಸ ಹೇಗಿದೆ ಎಂದು ವಿಚಾರಿಸುವುದು ಅವಳ ಉದ್ಯೋಗ. ಚಾಪೆಯ ಮೇಲೆ ಕೂತವಳೇ ಶುರು ಮಾಡಿದಳು.

"ಕೆಲಸ ಹೇಗಿದೆ ತಾರಾ ಅಕ್ಕ?"

"ಚೆನ್ನಾಗಿದೆ."

"ಕೈಗೆ ಗ್ಲೌಸ್ ಕೊಡ್ತಾರಾ?"

"ಚೆನ್ನಾಗಿದೆ ಕಣೇ."

"ನಾನ್ ಕೇಳಿದ್ದು ಗ್ಲೌಸು! ಹೋಗ್ಲಿ, ಹುಷಾರಿಲ್ದೆ ಮಲಗಿದ್ರೆ ಕೂಲಿ ಸಿಗುತ್ತಾ?"

"ಅಯ್ಯೋ, ಎಲ್ಲಾ ಚೆನ್ನಾಗಿದೆ ಅಂದ್ನಲ್ಲ! ಮನೆಗೆ ಬಂದವರ ಮುಂದೆ ಗೋಳು ಹೇಳ್ಕೊಳ್ಳೋದಾ? ಕೂಲಿ ಬರ್ತಿದೆ, ಒಲೆ ಉರೀತಿದೆ. ಕೆಲಸಾನ ಅಳೆಯೋಕೆ ಅದೇನು ಬಟ್ಟೇನಾ?"

"ಒಲೆ ಒಂದೇ ಅಲ್ಲ, ಕೈಯೂ ಉರೀತಿದೆ," ಎಂದಳು ಮೂಲೆಯಿಂದ ಮಕೆರೆತಾ.

"ನೀವು ಸುಮ್ನಿರಿ ಅತ್ತೆ." ತಾರೈವಿನಿ ಎದ್ದು ಊಟ ತಂದಿಟ್ಟಳು. ಬೇಯಿಸಿದ ಮರಗೆಣಸು, ತೆಂಗಿನಹಾಲಿನಲ್ಲಿ ಕುದಿಸಿದ ಕೆಸುವಿನ ಸೊಪ್ಪು, ಡಬ್ಬಿ ಮೀನು, ನಿಂಬೆ, ಮೆಣಸಿನಕಾಯಿ. ಕೆಲೆರಾ ಒಂದು ತುಂಡು ಗೆಣಸು ಎತ್ತಿಕೊಂಡು ಉಳಿದದ್ದನ್ನೆಲ್ಲ ಪಕ್ಕಕ್ಕೆ ಸರಿಸಿದಳು.

"ಇಷ್ಟು ಸಾಕು."

"ಏನೇ ಹುಡುಗಿ, ನನ್ನ ಮಾನ ಕಳೀತೀಯಾ? ಬಂದವರಿಗೆ ಬರೀ ಗೆಣಸಿಟ್ಟಳು ಅಂತ ಊರೆಲ್ಲ ಆಡ್ಕೊಳ್ಳಲ್ವಾ?"

"ಹೊಟ್ಟೆ ತುಂಬುತ್ತಲ್ಲ ಅಕ್ಕ! ಊಟ ಹೇಗಿತ್ತು ಅಂತ ಕೇಳಿದ್ರೆ ಚೆನ್ನಾಗಿತ್ತು ಅಂತೀನಿ ಬಿಡು."

"ಬರೀ ಗೆಣಸು ಊಟ ಆಗುತ್ತೇನೇ?"

"ಬರೀ ಕೂಲಿ ಒಳ್ಳೆ ಕೆಲಸ ಆಗುತ್ತಾ? ಕೂಲಿ ಅಂದ್ರೆ ಈ ಗೆಣಸು. ಗ್ಲೌಸು, ನೀರು ಕುಡಿಯೋಕೆ ಬಿಡುವು, ಕಾಯಿಲೆಗೆ ರಜೆ, ಮುಪ್ಪಿಗೆ ಉಳಿತಾಯ, ಹೆದರದೆ ಮಾತಾಡೋ ಧೈರ್ಯ, ಇವೆಲ್ಲ ಸೊಪ್ಪು, ಮೀನು. ತಟ್ಟೇಲಿ ಏನೇನಿಲ್ಲ ಅಂತ ನೋಡೋದೇ ಅಳೆಯೋದು. ನಿನ್ನೆ ಹೋದ ಮನೆಗಳಲ್ಲೂ ಇದೇ 'ಚೆನ್ನಾಗಿದೆ'. ಹೀಗಾದ್ರೆ ಈ ಊರಿಗೆ ಏನೂ ಕೊರತೆ ಇಲ್ಲ ಅಂತ ಲೆಕ್ಕ ಆಗುತ್ತೆ. ಆಮೇಲೆ ಯಾರನ್ನ ದೂರ್ತೀಯಾ?"

ತಾರೈವಿನಿಗೆ ಸಿಟ್ಟು ಬಂತು. ನಿಜ ಹೇಳಬೇಕೆಂದರೆ ಸಿಟ್ಟಿಗಿಂತ ನಾಚಿಕೆಯೇ ಹೆಚ್ಚಾಯಿತು. ಅತಿಥಿಗೆ ಇಡಲಾರದ ತಟ್ಟೆಯಲ್ಲಿ ತಾನು ದಿನವೂ ಉಣ್ಣುತ್ತಿದ್ದೇನಲ್ಲ!

"ಶೆಡ್ಡಿನ ಯಜಮಾನರಿಗೆ ಗೊತ್ತಾದ್ರೆ? ಅವರೂ ನಮ್ಮ ಚರ್ಚಿಗೇ ಬರ್ತಾರೆ ಕಣೇ."

"ಹೆಸರು ಯಾರದ್ದೂ ಬರೆಯಲ್ಲ. ಎಲ್ಲರ ಮಾತೂ ಸೇರಿಸಿ ಊರಿನ ಮಾತು ಅಂತ ಹೇಳ್ತೀವಿ."

ತಾರೈವಿನಿ ಕೈಗಳನ್ನು ಮಡಿಲಲ್ಲಿ ಬಚ್ಚಿಟ್ಟುಕೊಂಡು ಒಂದೊಂದಾಗಿ ಹೇಳಿದಳು. "ಗ್ಲೌಸ್ ಇಲ್ಲ. ನೀರಿಗೆ ಅಂತ ಬಿಡುವಿಲ್ಲ. ಪಾಯಖಾನೆಗೆ ಬಾಗಿಲಿಲ್ಲ. ಒಂದಿನ ಮಲಗಿದ್ರೆ ಕೂಲಿ ಇಲ್ಲ. ಮುಪ್ಪಿನ ದುಡ್ಡು ಕಟ್ತೀರಾ ಅಂತ ಕೇಳಿದವಳನ್ನ ಮಾರನೇ ದಿನ ಬರಬೇಡ ಅಂದ್ರು." ಕೊನೆಗೆ, "ನನ್ನ ಮಗು ನನ್ನ ಕೈಗೆ ಹೆದರುತ್ತೆ," ಎಂದಳು.

ಆಮೇಲೆ ಬಾಗಿಲಿಗೆ ಹೋಗಿ ನಿಂತು, ದಾರಿಯಲ್ಲಿ ಹೋಗುತ್ತಿದ್ದ ಶೆಡ್ಡಿನ ಗೆಳತಿಯರನ್ನೆಲ್ಲ, ದಾರಿಹೋಕರನ್ನು ಊಟಕ್ಕೆ ಕರೆಯುವ ಊರಿನ ವಾಡಿಕೆಯಂತೆ ಕೂಗಿದಳು. "ಬನ್ರೇ ಊಟಕ್ಕೆ! ಉಂಡು, ನಿನ್ನೆ ಹೇಳಿದ ಸುಳ್ಳನ್ನ ವಾಪಸ್ ತಗೊಂಡು ಹೋಗಿ!"

ಸಂಘ ಊರಿನ ಮಾತನ್ನು ಕಾರ್ಮಿಕ ಕಚೇರಿಗೆ ಒಯ್ದಿತು. ಕಚೇರಿಯವರು ಶೆಡ್ಡಿಗೆ ಬಂದು ನೋಡಿದರು. ಮುಂದಿನ ಶುಂಠಿ ಸುಗ್ಗಿಗೆ ಗ್ಲೌಸ್ ಬಂತು, ಪಾಯಖಾನೆಗೆ ಬಾಗಿಲು ಬಂತು, ನೀರಿಗೆ ಬಿಡುವು ಸಿಕ್ಕಿತು. ರಜೆ ಮತ್ತು ಮುಪ್ಪಿನ ದುಡ್ಡಿನ ಮಾತುಕತೆ ಇನ್ನೂ ನಡೆದಿದೆ. ಹೆಂಗಸರು ಪಟ್ಟು ಬಿಟ್ಟಿಲ್ಲ.

ಸುಗ್ಗಿ ಶುರುವಾಗಿ ವಾರ ಕಳೆದಿತ್ತು. ಒಂದು ಸಂಜೆ ತಾರೈವಿನಿ ನೀರಿನ ಬೋಗುಣಿ ಇಟ್ಟುಕೊಂಡು ಮಗಳನ್ನು ಕರೆದಳು. ಮಗು ಅಜ್ಜಿಯ ಮುಖ ನೋಡಿತು.

"ಹೋಗೇ, ನಿಮ್ಮಮ್ಮನ ಕೈ ಈಗ ಕಚ್ಚಲ್ಲ," ಎಂದಳು ಮಕೆರೆತಾ.

ವಿಕಾ ಕಣ್ಣು ಬಿಗಿಯಾಗಿ ಮುಚ್ಚಿ ನಿಂತಳು. ಅಮ್ಮ ಮುಖ ತೊಳೆದಳು. ಮಗು ಮೊದಲು ಒಂದು ಕಣ್ಣು ತೆರೆಯಿತು, ಆಮೇಲೆ ಇನ್ನೊಂದು. ಉರಿಯಲಿಲ್ಲ. "ಇನ್ನೊಂದ್ಸಲ," ಎಂದಿತು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಬಾಗಿಲಿಗೂ ಯಾರಾದರೂ ಬಂದು ಕೆಲಸ ಹೇಗಿದೆ ಎಂದು ಕೇಳಿದರೆ ಕೂರಿಸಿ, ಹೊಟ್ಟೆತುಂಬ ಊಟ ಬಡಿಸಿ. ಆದರೆ ಮರ್ಯಾದೆಗೆಂದು 'ಚೆನ್ನಾಗಿದೆ' ಎನ್ನಬೇಡಿ. ಕೂಲಿಯ ಜೊತೆಗೆ ನಿಮ್ಮ ತಟ್ಟೆಯಲ್ಲಿ ಏನಿದೆ, ಏನಿಲ್ಲ, ಇದ್ದದ್ದು ಇದ್ದ ಹಾಗೆ ಹೇಳಿ. ನೀವು ಹೇಳದ ಉರಿ ಯಾರ ಲೆಕ್ಕಕ್ಕೂ ಬರುವುದಿಲ್ಲ.